ಕರಗುವ ಮೊದಲು ಕೊರಳ ಸರಗಳ ಚರಿತ್ರೆ ದಾಖಲಾಗಲಿ

ಮಾನ್ಯ ಸಂಪಾದಕರೇ,

ಮದುವೆಯ ಹಂಗಾಮು ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ 'ಪಾರಂಪರಿಕ ಆಭರಣ'ಗಳ ಕುರಿತ ಸಚಿತ್ರ ಲೇಖನಗಳು ಸಾಲುಗಟ್ಟುತ್ತವೆ. ಅವಲಕ್ಕಿ ಸರ, ಕಾಸಿನ ಸರ, ಬೋರಮಾಳ, ಜೋಮಾಲೆಗಳ ಚಿತ್ರಗಳು ಅಂದವಾಗಿರುತ್ತವೆ. ಯಾವ ಸೀರೆಗೆ ಯಾವುದು ಒಪ್ಪುತ್ತದೆ, ಎಷ್ಟು ಗ್ರಾಮಿನಲ್ಲಿ ಮಾಡಿಸಬಹುದು ಎಂಬ ವಿವರವೂ ಇರುತ್ತದೆ. ಆದರೆ ಆ ಸರವನ್ನು ಒಂದು ಕಾಲಕ್ಕೆ ಯಾರು ಹಾಕಿಕೊಳ್ಳಬಹುದಿತ್ತು, ಯಾರು ಹಾಕಿಕೊಳ್ಳಕೂಡದಿತ್ತು, ಮನಸ್ಸಿಲ್ಲದಿದ್ದರೂ ಹಾಕಿಕೊಳ್ಳಲೇಬೇಕಿದ್ದವರು ಯಾರು ಎಂಬ ಮಾತು ಮಾತ್ರ ಆ ಲೇಖನಗಳಲ್ಲಿ ಬರುವುದಿಲ್ಲ. ಚಿನ್ನದ ಬೆಲೆ ಏರುತ್ತಿರುವ ಈ ದಿನಗಳಲ್ಲಿ ಹಳೆಯ ಸರಗಳು ಮನೆಮನೆಯಿಂದ ಹೊರಬಿದ್ದು ಮೂಸೆ ಸೇರುತ್ತಿವೆ. ಅವುಗಳ ಜೊತೆಗೆ ಈ ಚರಿತ್ರೆಯೂ ಕರಗಿಹೋಗುತ್ತಿರುವುದರಿಂದ, ತುಸು ದೀರ್ಘವಾದರೂ ಈ ಪತ್ರ ಬರೆಯುತ್ತಿದ್ದೇನೆ.

ಹಾರವೆಂದರೆ ಹೆಂಗಸರ ಒಡವೆ ಎಂಬ ತಿಳಿವಳಿಕೆಯೇ ತೀರ ಈಚಿನದು. ಮಳಖೇಡದಿಂದ ಆಳಿದ ರಾಷ್ಟ್ರಕೂಟರಲ್ಲಿ ಯುವರಾಜ ಪದವಿಯ ಗುರುತೇ ಕಂಠಿಕೆಯೆಂಬ ಕೊರಳ ಹಾರವಾಗಿತ್ತು. ತಂದೆ ಧ್ರುವನು ಇಡೀ ರಾಜ್ಯವನ್ನೇ ಒಪ್ಪಿಸಲು ಮುಂದಾದಾಗ, ತಾವು ಕೊಟ್ಟ ಕಂಠಿಕೆಯೇ ತನಗೆ ಸಾಕೆಂದು ಮೂರನೆಯ ಗೋವಿಂದನು ಹೇಳಿದನೆಂದು ಒಂಬತ್ತನೆಯ ಶತಮಾನದ ಆರಂಭದ ಅವನ ತಾಮ್ರಶಾಸನಗಳು ಕೊಂಡಾಡುತ್ತವೆ. ಕವಿಯ ಹೊಗಳಿಕೆಯನ್ನು ಬದಿಗಿಟ್ಟು ನೋಡಿದರೂ, ಕೊರಳಿಗೆ ಬಿದ್ದ ಒಂದು ಸರವು ಸಿಂಹಾಸನದ ಹಕ್ಕುಪತ್ರದಂತೆ ನಡೆಯುತ್ತಿತ್ತೆಂಬುದು ಸ್ಪಷ್ಟ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್, ಇಮ್ಮಡಿ ದೇವರಾಯನನ್ನು ಕಂಡಾಗ ಮೊದಲು ಗಮನಿಸಿದ ಸಂಗತಿಗಳಲ್ಲಿ ಅವನ ಕೊರಳ ಮುತ್ತಿನ ಹಾರವೂ ಒಂದು. ರತ್ನಪಡಿ ವ್ಯಾಪಾರಿಗೂ ಅದರ ಬೆಲೆ ಕಟ್ಟುವುದು ಕಷ್ಟವೆಂದು ಅವನು ಬರೆದಿಟ್ಟಿದ್ದಾನೆ. ಬೇಲೂರು, ಹಳೇಬೀಡುಗಳ ಗೋಡೆಗಳನ್ನು ಸಾವಧಾನವಾಗಿ ನೋಡಿದವರಿಗೆ ಇದು ಹೊಸ ವಿಷಯವಲ್ಲ. ಅಲ್ಲಿ ಮದನಿಕೆಯರ ಕೊರಳಲ್ಲಿರುವಷ್ಟೇ ಒತ್ತಾದ ಹಾರಗಳು ದೇವರ ಕೊರಳಲ್ಲೂ ದ್ವಾರಪಾಲಕರ ಕೊರಳಲ್ಲೂ ಇವೆ. ಪ್ರವಾಸಿಗರಿಗೆ ತೋರಿಸುವವರು ಮಾತ್ರ ಮದನಿಕೆಯ ಸರವನ್ನಷ್ಟೇ ತೋರಿಸಿ ಮುಂದಕ್ಕೆ ಕರೆದೊಯ್ಯುತ್ತಾರೆ.

ವಿಜಯನಗರದ ಅರಮನೆಯ ಹೆಂಗಸರ ವಿಷಯಕ್ಕೆ ಬಂದರೆ, 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ವರ್ಣನೆ ಎಲ್ಲರಿಗೂ ಪರಿಚಿತ. ಪಚ್ಚೆ, ವಜ್ರ, ಕೆಂಪು, ಮುತ್ತುಗಳಿಂದ ಕಿಕ್ಕಿರಿದ ಬಂಗಾರದ ಕಂಠಾಭರಣಗಳನ್ನು ರಾಣಿಯರ ಪರಿವಾರದ ಹೆಣ್ಣುಮಕ್ಕಳು ತೊಟ್ಟಿದ್ದರೆಂದು ಅವನು ಬೆರಗಿನಿಂದ ಹೇಳುತ್ತಾನೆ. ಆ ವರ್ಣನೆಯನ್ನು ಉದ್ಧರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಾಲು ಅದರ ಜೊತೆಗೇ ಇದೆ: ಒಡವೆಗಳ ಭಾರವನ್ನು ತಾಳಲಾರದೆ ಅವರಲ್ಲಿ ಅನೇಕರನ್ನು ಬೇರೆ ಹೆಂಗಸರು ಪಕ್ಕದಲ್ಲಿ ನಿಂತು ತೋಳು ಹಿಡಿದು ನಡೆಸಬೇಕಾಗಿತ್ತು. ಆ ಬಂಗಾರ ಆ ಹೆಣ್ಣುಮಕ್ಕಳ ಸೊಬಗಿಗಾಗಿ ಇದ್ದುದಲ್ಲ. ನೆರೆದ ಸಾಮಂತರಿಗೂ ವಿದೇಶಿ ವರ್ತಕರಿಗೂ ರಾಯನ ಬೊಕ್ಕಸದ ಆಳವನ್ನು ತೋರಿಸುವ ಉಪಾಯ ಅದು. ಹೊತ್ತು ನಡೆದವರು ಅವರು, ಮೆರೆದವನು ಅರಸ. ಇಂದಿನ ಮದುವೆ ಮಂಟಪಗಳಲ್ಲಿ ಕತ್ತು ಹೊರಳಿಸಲಾಗದೆ ಕುಳಿತ ವಧುವನ್ನು ಕಂಡಾಗ ನನಗೆ ಪಾಯೆಸ್‌ನ ಆ ಸಾಲೇ ನೆನಪಾಗುತ್ತದೆ.

ಇದಕ್ಕೆ ಎದುರಾದ ಮಾತೂ ನಮ್ಮ ನೆಲದಲ್ಲೇ ಹುಟ್ಟಿದೆ. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯ ನಿಲ್ಲಿಸಿದ 58 ಅಡಿ ಎತ್ತರದ ಬಾಹುಬಲಿಯ ಕೊರಳಲ್ಲಿ ಒಂದೆಳೆ ದಾರವೂ ಇಲ್ಲ. ಕಾಲ ಬಳಿ ನಿಂತ ಯಕ್ಷ ಯಕ್ಷಿಯರ ಮೈತುಂಬ ಒಡವೆಗಳಿವೆ. ಪದವಿ ಹೆಚ್ಚಿದಷ್ಟೂ ಹಾರ ಹೆಚ್ಚಬೇಕೆಂಬ ಲೋಕದ ಲೆಕ್ಕವನ್ನು ಆ ಶಿಲ್ಪಿ ತಲೆಕೆಳಗು ಮಾಡಿದ್ದಾನೆ. ಹನ್ನೆರಡನೆಯ ಶತಮಾನದ ಶರಣರು ಮತ್ತೊಂದು ದಾರಿ ಹಿಡಿದರು. ಅರಸನಿಗೊಂದು, ಅಗಸನಿಗೊಂದು ಎಂಬ ಭೇದವಿಲ್ಲದೆ, ಗಂಡು ಹೆಣ್ಣೆಂಬ ಭೇದವೂ ಇಲ್ಲದೆ, ಎಲ್ಲರ ಕೊರಳಿಗೂ ಒಂದೇ ಇಷ್ಟಲಿಂಗವನ್ನು ಕಟ್ಟಿದ್ದು ಈ ನಾಡಿನ ಕೊರಳ ಚರಿತ್ರೆಯಲ್ಲಿ ನಡೆದ ಬಹುದೊಡ್ಡ ಪಲ್ಲಟವೆಂದು ನಾನು ತಿಳಿದಿದ್ದೇನೆ. ಕಾಲಕ್ರಮದಲ್ಲಿ ಬಡವರ ಲಿಂಗ ವಸ್ತ್ರದಲ್ಲೂ, ಉಳ್ಳವರದು ಬೆಳ್ಳಿಯ ಕರಡಿಗೆಯಲ್ಲೂ ಉಳಿದು, ಅಂತಸ್ತು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದದ್ದು ಬೇರೆ ಮಾತು.

ಕಾಸಿನ ಸರದ ಕಥೆ ಇನ್ನೂ ಸ್ವಾರಸ್ಯದ್ದು. ನಾಣ್ಯವನ್ನು ಕೊರಳಿಗೆ ಪೋಣಿಸುವ ಚಾಳಿ ವಿಕ್ಟೋರಿಯಾ ರಾಣಿಯ ಪವನಿನಿಂದ ಶುರುವಾದುದಲ್ಲ. ನಮ್ಮ ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ರೋಮನ್ ಚಿನ್ನದ ನಾಣ್ಯಗಳ ನಿಧಿಯೊಂದು ದೊರೆತಿದೆ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಹಲವು ನಾಣ್ಯಗಳ ಮೇಲಂಚಿನಲ್ಲಿ ದಾರ ಪೋಣಿಸಲು ಕೊರೆದ ಜೋಡಿ ತೂತುಗಳಿವೆ. ಸಾವಿರಾರು ಹರದಾರಿ ದೂರದ ಚಕ್ರವರ್ತಿಯ ಮುಖವನ್ನು ಇಲ್ಲಿನ ಉಳ್ಳವರು ಎದೆಯ ಮೇಲೆ ಧರಿಸುತ್ತಿದ್ದರು. ಅಷ್ಟೇ ಅಲ್ಲ, ದಖ್ಖನ್ನಿನ ತೇರ್, ಕೊಂಡಾಪುರದಂಥ ಶಾತವಾಹನ ಕಾಲದ ನೆಲೆಗಳಲ್ಲಿ ರೋಮನ್ ನಾಣ್ಯವನ್ನೇ ಅನುಕರಿಸಿದ, ದಾರಕ್ಕೆ ಕುಣಿಕೆ ಇಟ್ಟು ಸುಟ್ಟ ಮಣ್ಣಿನ ಪದಕಗಳು ಸಿಕ್ಕಿವೆ. ಚಿನ್ನ ಕೊಳ್ಳಲಾರದವರು ಮಣ್ಣಿನಲ್ಲಾದರೂ ಆ ಮುಖವನ್ನು ತೊಟ್ಟರು. ಇಂದು ಜಾತ್ರೆಯ ಅಂಗಡಿಗಳಲ್ಲಿ ಮಾರುವ 'ಒಂದು ಗ್ರಾಂ ಚಿನ್ನ'ದ ಸರಗಳನ್ನು ನೋಡಿ ಮೂಗು ಮುರಿಯುವವರು, ಆ ಹಂಬಲಕ್ಕೆ ಹೆಚ್ಚು ಕಡಿಮೆ ಎರಡು ಸಾವಿರ ವರ್ಷಗಳ ಇತಿಹಾಸವಿದೆಯೆಂಬುದನ್ನು ಗಮನಿಸಬೇಕು.

ಇಷ್ಟು ಹೊತ್ತು ಹೇಳಿದ್ದು ಉಳ್ಳವರ ಮತ್ತು ಉಳ್ಳವರಂತೆ ಕಾಣಬಯಸಿದವರ ಮಾತು. ಪುರವಣಿಯ ಲೇಖನಗಳು ಪೂರ್ತಿಯಾಗಿ ಮರೆಯುವ ಭಾಗ ಇನ್ನು ಮುಂದಿನದು. ಪಕ್ಕದ ತಿರುವಾಂಕೂರಿನಲ್ಲಿ ಅಸ್ಪೃಶ್ಯರೆನಿಸಿದ್ದ ಪುಲಯ ಜಾತಿಯ ಹೆಂಗಸರು ಚಿನ್ನ ಬೆಳ್ಳಿ ತೊಡುವಂತಿರಲಿಲ್ಲ. ಅವರ ಜಾತಿ ದೂರದಿಂದಲೇ ತಿಳಿಯಲೆಂದು ಕಲ್ಲಿನ ಮಣಿಗಳ ಸರಗಳನ್ನು ಅವರು ಕೊರಳಿಗೆ ಹಾಕಿಕೊಳ್ಳಲೇಬೇಕಿತ್ತು. ಆ ಕಲ್ಲುಮಾಲೆಯನ್ನು ಕಿತ್ತೆಸೆಯಿರೆಂದು ಪುಲಯರ ನಾಯಕ ಅಯ್ಯನ್‌ಕಾಳಿ ಕರೆಕೊಟ್ಟರು. 1915ರಲ್ಲಿ ಕೊಲ್ಲಂ ಬಳಿಯ ಪೆರಿನಾಡಿನಲ್ಲಿ ಇದಕ್ಕಾಗಿ ಸೇರಿದ ಸಭೆಯ ಮೇಲೆ ಮೇಲ್ಜಾತಿಯವರ ದಾಳಿ ನಡೆದು, ಗಲಭೆ ಹಬ್ಬಿ, ಪುಲಯರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅದೇ ವರ್ಷದ ಕೊನೆಗೆ ಕೊಲ್ಲಂ ಪಟ್ಟಣದ ಮೈದಾನದಲ್ಲಿ, ನಾಯರ್ ಮುಖಂಡ ಚಂಗನಾಶ್ಶೇರಿ ಪರಮೇಶ್ವರನ್ ಪಿಳ್ಳೆಯವರ ಅಧ್ಯಕ್ಷತೆಯಲ್ಲಿ ನಡೆದ ಸಭೆಯಲ್ಲಿ, ನೆರೆದವರೆಲ್ಲರ ಎದುರಿಗೇ ಪುಲಯ ಹೆಂಗಸರು ತಮ್ಮ ಕಲ್ಲುಮಾಲೆಗಳನ್ನು ಕತ್ತರಿಸಿ ಒಂದೆಡೆ ರಾಶಿ ಹಾಕಿದರು. ಅಲಂಕಾರವನ್ನು ತ್ಯಜಿಸುವುದಕ್ಕಾಗಿ ಮನೆಮಠ ಕಳೆದುಕೊಂಡ ಹೆಂಗಸರ ಈ ಕಥೆ ಆಭರಣಗಳ ಇತಿಹಾಸದ ಯಾವ ಬಣ್ಣದ ಪುಸ್ತಕದಲ್ಲೂ ಇರುವಷ್ಟೇ ಅಧಿಕೃತವಾದ ಇತಿಹಾಸ.

ತೊಡಿಸುವ ಕಟ್ಟಳೆಯಂತೆಯೇ ತೊಡಬಾರದೆಂಬ ಕಟ್ಟಳೆಯೂ ಇತ್ತು, ಮತ್ತು ಅದು ಪುರಾತನ ಕಾಲದ್ದೇನಲ್ಲ. 1930ರ ಡಿಸೆಂಬರಿನಲ್ಲಿ ತಮಿಳುನಾಡಿನ ರಾಮನಾಡಿನಲ್ಲಿ ಕಳ್ಳರ್ ಸಮುದಾಯದವರು ಅಸ್ಪೃಶ್ಯರೆನಿಸಿದ್ದ ಆದಿದ್ರಾವಿಡರ ಮೇಲೆ ಹೇರಿದ ಎಂಟು ನಿಷೇಧಗಳಲ್ಲಿ ಚಿನ್ನ ಬೆಳ್ಳಿಯ ಒಡವೆ ತೊಡಬಾರದೆಂಬುದೂ ಒಂದು. ಜನಗಣತಿಯ ಅಧಿಕಾರಿಯಾಗಿದ್ದ ಹಟನ್ ಇದನ್ನು ದಾಖಲಿಸಿದ್ದಾರೆ. ಅದಕ್ಕೂ ಮೂರು ವರ್ಷ ಮೊದಲು, 1927ರ ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಮಹಾಡದಲ್ಲಿ ಸೇರಿದ್ದ ದಲಿತ ಹೆಣ್ಣುಮಕ್ಕಳನ್ನು ಉದ್ದೇಶಿಸಿ ಅಂಬೇಡ್ಕರ್ ಆಡಿದ ಮಾತುಗಳಲ್ಲಿ ಸೀರೆ ಉಡುವ ರೀತಿಯ ಜೊತೆಗೆ ಕೊರಳ ವಿಷಯವೂ ಬಂತು. ಕೊರಳಲ್ಲಿ ಒಂದರ ಮೇಲೊಂದು ಸರ, ಮೊಣಕೈವರೆಗೆ ಬಳೆಗಳನ್ನು ಹೇರಿಕೊಳ್ಳುವುದು ಅಸ್ಪೃಶ್ಯರೆಂದು ಗುರುತಿಸುವ ಚಿಹ್ನೆಯಾಗಿರುವುದರಿಂದ ಅದನ್ನು ಬಿಟ್ಟುಬಿಡಿ ಎಂಬುದು ಅವರ ಸಲಹೆಯಾಗಿತ್ತು. ಒಂದೆಡೆ ಇಲ್ಲದಿರುವುದು, ಇನ್ನೊಂದೆಡೆ ಹೆಚ್ಚಾಗಿರುವುದು, ಎರಡೂ ಒಂದೇ ಕೆಲಸ ಮಾಡುತ್ತಿದ್ದವು. ಹೀಗಿರುವಾಗ 'ನಮ್ಮ ಅಜ್ಜಿಯರು ಎಷ್ಟು ಸೊಗಸಾದ ಸರಗಳನ್ನು ತೊಡುತ್ತಿದ್ದರು' ಎಂದು ಬರೆಯುವವರು, ಯಾರ ಅಜ್ಜಿಯರು ಎಂಬ ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ.

ಮದುವೆಯ ಸರದ ಬಗ್ಗೆ ಎಷ್ಟು ಬರೆದರೂ ಮುಗಿಯದು. ಕರಿಮಣಿಯ ನಡುವೆ ತವರಿನದೊಂದು, ಅತ್ತೆಮನೆಯದೊಂದು ಎಂದು ಎರಡು ತಾಳಿಬೊಟ್ಟುಗಳನ್ನು ಪೋಣಿಸುವ ರೂಢಿ ನಮ್ಮಲ್ಲಿ ಹಲವು ಸಮುದಾಯಗಳಿಗೆ ಸಮಾನವಾದುದು. ಎಲ್ಲೆಡೆಯೂ ಗಂಡೇ ಕಟ್ಟುತ್ತಾನೆಂಬುದೂ ನಿಜವಲ್ಲ. ಕೊಡವರಲ್ಲಿ ವಧುವಿನ ಕೊರಳಿಗೆ ಪತ್ತಾಕ್ ಎಂಬ ಮದುವೆಯ ಸರ ಕಟ್ಟುವವಳು ಅವಳ ತಾಯಿ. ಆದರೆ ಒಂದು ವಿಷಯದಲ್ಲಿ ಈ ಸರ ಉಳಿದೆಲ್ಲ ಸರಗಳಿಗಿಂತ ನಿರ್ದಯವಾದುದು: ಹೆಂಗಸಿನ ಸ್ಥಾನಮಾನ ಏನೆಂಬುದನ್ನು ಕಂಡವರಿಗೆಲ್ಲ ಸಾರಿ ಹೇಳುವ ಈ ಒಡವೆಯನ್ನು ಗಂಡ ಸತ್ತ ಕೂಡಲೇ ಊರೆದುರಿಗೆ ತೆಗೆಯಲಾಗುತ್ತದೆ. 2022ರ ಮೇ ತಿಂಗಳಿನಲ್ಲಿ ನಮ್ಮ ಬೆಳಗಾವಿಗೆ ಹೊಂದಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಗ್ರಾಮ ಪಂಚಾಯಿತಿ, ವಿಧವೆಯರ ಮಂಗಳಸೂತ್ರ ತೆಗೆಯುವ, ಕುಂಕುಮ ಒರೆಸುವ, ಬಳೆ ಒಡೆಯುವ ಪದ್ಧತಿಗಳನ್ನು ತನ್ನ ಊರಿನಲ್ಲಿ ನಿಲ್ಲಿಸುವ ಠರಾವು ಮಾಡಿತು. ಮಹಾರಾಷ್ಟ್ರ ಸರ್ಕಾರವು ಉಳಿದ ಪಂಚಾಯಿತಿಗಳಿಗೂ ಅದನ್ನೇ ಮಾದರಿಯಾಗಿ ತೋರಿಸಿತು. ಗಡಿಯ ಈಚೆಗಿರುವ ನಮ್ಮ ಪಂಚಾಯಿತಿಗಳೂ ಆ ಠರಾವಿನ ಒಂದು ಪ್ರತಿಯನ್ನು ತರಿಸಿಕೊಂಡು ಓದಬಹುದು.

ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಹೆಂಗಸರ ಕೊರಳ ಮಣಿಸರಗಳನ್ನು ನಾಡಿನ ಜನ ಗಮನಿಸಿದ್ದು ಅಂಕೋಲೆಯ ಸುಕ್ರಿ ಬೊಮ್ಮಗೌಡ ಮತ್ತು ತುಳಸಿ ಗೌಡ ಅವರಿಗೆ ಪದ್ಮಶ್ರೀ ಬಂದ ಮೇಲೆ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ನೆಲಹಾಸಿನ ಮೇಲೆ ತುಳಸಿ ಗೌಡರು ಬರಿಗಾಲಿನಲ್ಲಿ ನಡೆದುಬಂದ ಚಿತ್ರವನ್ನು ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಮೆರೆಸಿದವು. ಬೆಲೆಯಲ್ಲಿ ಅತ್ಯಲ್ಪವಾದ ಆ ಮಣಿಗಳು, ಅಂದು ಆ ಸಭಾಂಗಣದಲ್ಲಿದ್ದ ಯಾವ ವಜ್ರದ ಹಾರಕ್ಕಿಂತಲೂ ಹೆಚ್ಚು ಗೌರವದಿಂದ ಕಂಡವೆಂದು ನನ್ನ ಅನಿಸಿಕೆ. ಆದರೆ ಆ ಮಣಿಗಳು ಎಲ್ಲಿಂದ ಬರುತ್ತಿದ್ದವು, ಎಷ್ಟು ಎಳೆ, ಯಾವ ಬಣ್ಣ, ಯಾವ ವಯಸ್ಸಿನಲ್ಲಿ ಎಷ್ಟು ಸರ ಎಂಬುದನ್ನು ಆ ದಿನಗಳಲ್ಲಿ ಕೇಳಿ ಬರೆದ ವರದಿ ನನ್ನ ಕಣ್ಣಿಗೆ ಬೀಳಲಿಲ್ಲ. 'ಸಾಂಪ್ರದಾಯಿಕ ಉಡುಗೆಯಲ್ಲಿ' ಎಂಬ ಎರಡು ಪದಗಳಲ್ಲಿ ಎಲ್ಲವೂ ಮುಗಿದಿತ್ತು. ಈಗ ಆ ಇಬ್ಬರೂ ನಮ್ಮೊಂದಿಗಿಲ್ಲ.

ಸರವನ್ನು ಬರಿಯ ಬಂಧನವೆಂದು ಬರೆದರೂ ತಪ್ಪಾದೀತು. ಹೊಲ ಮನೆಗಳು ಗಂಡಸರ ಹೆಸರಿನಲ್ಲೇ ಉಳಿದ ಸಮಾಜದಲ್ಲಿ ಹೆಣ್ಣಿನದೆಂದು ಹೇಳಬಹುದಾದ ಆಸ್ತಿ ಅವಳ ಕೊರಳಲ್ಲಿ ಮಾತ್ರ ಇರುತ್ತಿತ್ತು. ಮುಂಗಾರಿಗೆ ಮುನ್ನ ಬೀಜ ಗೊಬ್ಬರಕ್ಕೆಂದು ಗಿರವಿ ಅಂಗಡಿಗೋ ಸೊಸೈಟಿಗೋ ಹೋಗಿ, ಸುಗ್ಗಿಯ ನಂತರ ಬಿಡಿಸಿಕೊಂಡು ಬರುವ ಬೋರಮಾಳವು ಉತ್ತರ ಕರ್ನಾಟಕದ ಎಷ್ಟೋ ಒಕ್ಕಲುತನಗಳನ್ನು ನಿಲ್ಲಿಸಿದೆ. ಸ್ತ್ರೀಧನದ ಮೇಲೆ ಹೆಂಡತಿಗೇ ಪೂರ್ಣ ಹಕ್ಕು, ಗಂಡನೂ ಅವನ ಮನೆಯವರೂ ಅದರ ಪಾಲುದಾರರಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದಾಯ ತೆರಿಗೆ ಇಲಾಖೆ ಕೂಡ 1994ರ ಸೂಚನೆಯೊಂದರಲ್ಲಿ, ಶೋಧದ ವೇಳೆ ವಿವಾಹಿತ ಹೆಂಗಸಿನ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಒಡವೆಗಳನ್ನು ವಶಪಡಿಸಿಕೊಳ್ಳಬಾರದೆಂದು ಹೇಳಿತು. ಮದುವೆಯಾದರೆ ಇಷ್ಟು, ಆಗದಿದ್ದರೆ ಇಷ್ಟು ಎಂದು ಕೊರಳಿಗೆ ಗ್ರಾಮಿನ ಲೆಕ್ಕದಲ್ಲಿ ಅಂತಸ್ತು ಕಟ್ಟಿದ ಈ ಸರ್ಕಾರಿ ಸೂಚನೆಯನ್ನೂ ನಮ್ಮ ಆಭರಣ ಚರಿತ್ರೆಯ ಆಕರಗಳಲ್ಲಿ ಸೇರಿಸಬೇಕು.

ಗಂಡಸರು ಸರ ಬಿಟ್ಟರೆಂಬುದೂ ಅರ್ಧ ಸತ್ಯ. ಮಹಾನಗರ ಪಾಲಿಕೆಗಳ ಮೇಯರ್‌ಗಳು ಗೌನಿನ ಮೇಲೆ ಧರಿಸುವ ಪದಕದ ಸರ ಬ್ರಿಟಿಷರು ಬಿಟ್ಟುಹೋದ ಅಧಿಕಾರದ ಗುರುತು. ಕ್ರೇನಿನಲ್ಲಿ ಎತ್ತಿ ಮುಖಂಡರ ಮೇಲೆ ಇಳಿಬಿಡುವ ಸೇಬಿನ ಹಾರವಂತೂ ಪೂರ್ತಿ ನಮ್ಮದೇ ಕಾಣಿಕೆ. ಅದರ ತೂಕವನ್ನು ವರದಿಗಳು ಕ್ವಿಂಟಾಲುಗಳಲ್ಲಿ ಹೇಳುವುದನ್ನು ಕಂಡರೆ ಪಾಯೆಸ್ ಏನು ಬರೆಯುತ್ತಿದ್ದನೋ.

ಇನ್ನು ಕರಗುವ ವಿಚಾರ. 1963ರ ಜನವರಿಯಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವುದನ್ನು ನಿರ್ಬಂಧಿಸಿದಾಗ ಅಕ್ಕಸಾಲಿಗರ, ಪತ್ತಾರರ ಎಷ್ಟೋ ಕುಟುಂಬಗಳು ಬೀದಿಗೆ ಬಿದ್ದವು. 1968ರಲ್ಲಿ ಕಾಯಿದೆಯಾಗಿ ಗಟ್ಟಿಗೊಂಡ ಆ ನಿಯಂತ್ರಣ ರದ್ದಾದದ್ದು 1990ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಕೈಕೆಲಸ ಬೇರೆ ದಾರಿ ಹಿಡಿದಿತ್ತು. ಈಗಿನ ಒತ್ತಡ ಬೇರೆ ಬಗೆಯದು. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಗ್ರಾಹಕರಿಗೆ ಅನುಕೂಲವೇ ಹೌದು. ಮೋಸ ತಡೆಯಲು ಅದು ಬೇಕೇ ಬೇಕು. ಆದರೆ ಹಾಲ್‌ಮಾರ್ಕ್ ಇಲ್ಲದ ಅಜ್ಜಿಯ ಗುಂಡಿನ ಸರವನ್ನು ಅಂಗಡಿಗೆ ಒಯ್ದರೆ, ಅಲ್ಲಿ ಅದು ಸರವಲ್ಲ, ಹಳೆಯ ಚಿನ್ನ. ಒಳಗೆ ಟೊಳ್ಳಾಗಿದ್ದು ಅರಗು ತುಂಬಿದ ಗುಂಡುಗಳಾದರೆ ಅರಗಿನ ತೂಕ ಕಳೆದು, ಬೆಸುಗೆಯ ಲೆಕ್ಕ ಹಿಡಿದು, ಉಳಿದುದಕ್ಕೆ ಬೆಲೆ ಕಟ್ಟಿ ಮೂಸೆಗೆ ಹಾಕುತ್ತಾರೆ. ಆ ಗುಂಡನ್ನು ಅಚ್ಚಿನ ಮೇಲೆ ಬಡಿದು ಎರಡು ಬಟ್ಟಲು ಮಾಡಿ, ಅಂಚು ಕಾಣದಂತೆ ಬೆಸೆದ ಪತ್ತಾರನ ಮಜೂರಿಗೆ ಅಲ್ಲಿ ಕಾಸಿನ ಬೆಲೆಯಿಲ್ಲ. ಮಾರುವವರನ್ನು ದೂರಲಾಗದು; ಮಗಳ ಓದು, ಆಸ್ಪತ್ರೆಯ ಖರ್ಚು, ಸರಗಳ್ಳರ ಭಯ, ಎಲ್ಲವೂ ಸಾಕಷ್ಟು ಬಲವಾದ ಕಾರಣಗಳೇ.

ಆದುದರಿಂದ ನನ್ನ ಕೋರಿಕೆ ಒಡವೆಯನ್ನು ಉಳಿಸಿಕೊಳ್ಳಿರೆಂಬುದಲ್ಲ, ಕರಗುವ ಮೊದಲು ದಾಖಲಿಸಿರೆಂಬುದು. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಶಿಲ್ಪ, ಶಾಸನ, ನಾಣ್ಯಗಳಿಗೆ ಸಿಗುವ ಆದರ ಜನಸಾಮಾನ್ಯರ ಕೊರಳ ಸರಗಳಿಗೆ ಸಿಕ್ಕಿಲ್ಲ. ಇದ್ದ ಕಡೆಯೂ 'ಕಂಠಾಭರಣ' ಎಂಬ ಒಂದೇ ಪದದ ಚೀಟಿ ಅಂಟಿಸಿರುತ್ತಾರೆ. ಪುರಾತತ್ವ ಇಲಾಖೆಯೂ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ಜಿಲ್ಲೆಗೊಂದರಂತೆ ಒಂದು ಕಡತ ತೆರೆಯಲಿ. ಸರದ ಸ್ಥಳೀಯ ಹೆಸರು, ಲೋಹ, ತೂಕ, ಮಣಿಗಳ ಎಣಿಕೆ, ಮಾಡಿದ ಊರು, ತೊಟ್ಟವರ ಸಮುದಾಯ, ಯಾವ ಸಂದರ್ಭದಲ್ಲಿ ತೊಡುತ್ತಿದ್ದರು, ಯಾವಾಗ ತೆಗೆಯುತ್ತಿದ್ದರು, ಯಾರಿಗೆ ಅದು ನಿಷಿದ್ಧವಾಗಿತ್ತು, ಇಷ್ಟನ್ನು ಅಳತೆಪಟ್ಟಿಯೊಂದನ್ನು ಪಕ್ಕಕ್ಕಿಟ್ಟು ತೆಗೆದ ಚಿತ್ರದೊಂದಿಗೆ ಬರೆದಿಟ್ಟರೆ ಸಾಕು. ಕೊನೆಯ ಪ್ರಶ್ನೆಯನ್ನು ಮುಜುಗರವೆಂದು ಬಿಡಬಾರದು; ಬಿಟ್ಟರೆ ಉಳಿದ ವಿವರಗಳು ಅಂಗಡಿಯ ಕೈಪಿಡಿಯಾಗುತ್ತವೆ. ಲಂಬಾಣಿ ತಾಂಡಾಗಳ ನಾಣ್ಯದ ಸರಗಳು, ಸಿದ್ದಿಯರ ಮಣಿಗಳು, ಹಾಲಕ್ಕಿಯರ ಮಣಿಸರ, ದಲಿತ ಕೇರಿಗಳ ಬೆಳ್ಳಿ ಹಿತ್ತಾಳೆಯ ಸರಗಳಿಂದಲೇ ಈ ಕೆಲಸ ಮೊದಲಾಗಬೇಕು. ಅರಮನೆಯ ಹಾರಗಳಿಗೆ ಚಿತ್ರ, ವಿವರ, ಕಾವಲು ಎಲ್ಲವೂ ಆಗಲೇ ಇವೆ.

ತಮ್ಮ ಪತ್ರಿಕೆಯಿಂದಲೂ ಒಂದು ನೆರವು ಆಗಬಹುದು. ಪುರವಣಿಯಲ್ಲಿ ವಾರಕ್ಕೊಮ್ಮೆ ಕಾಲು ಪುಟ ಜಾಗ ಕೊಟ್ಟು, ಮಾರುವ ಅಥವಾ ಮುರಿಸುವ ಮೊದಲು ತಮ್ಮ ಮನೆಯ ಸರದ ಚಿತ್ರವನ್ನೂ ಮೇಲಿನ ವಿವರಗಳನ್ನೂ ಕಳಿಸುವಂತೆ ಓದುಗರನ್ನು ಕೇಳಬಹುದು. ಕಳ್ಳರ ಭಯವಿರುವುದರಿಂದ ಕಳಿಸಿದವರ ಹೆಸರು ವಿಳಾಸಗಳನ್ನು ಪ್ರಕಟಿಸದೆ, ಊರು ತಾಲೂಕುಗಳನ್ನಷ್ಟೇ ಹಾಕುವುದು ಒಳ್ಳೆಯದು. ಇದು ಆರಂಭವಾಗುವುದಾದರೆ ಹಾವೇರಿ, ಹಾನಗಲ್ಲ, ಶಿಗ್ಗಾವಿ ಕಡೆಯ ಪತ್ತಾರ ಮನೆಗಳಲ್ಲಿ ಇನ್ನೂ ಉಳಿದಿರುವ ಹಳೆಯ ಅಚ್ಚುಗಳ ಪಟ್ಟಿ ಮಾಡಿ ಕಳಿಸಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಹಾವೇರಿ